ಕಲೆ

ಸೊಹಾರಿನ ಈ ಓಣಿಯಲ್ಲಿ ನಾನು
ಬರಮಯ್ಯ.
'ಪ' ಬಾರದ ಬಾಯಿಗಳು. ಮೂವತ್ತೊಂದು ವರ್ಷ
ಬರ, ಬರ ಎಂದೇ ಕರೆದರು;
ಬರಗಾಲವಂತೂ ಬರಲಿಲ್ಲ.

ಕಲೆ ತೆಗೆಯುವುದು ನನ್ನ ಕಸುಬು.
ದಿಶ್ದಾಶದ ಎದೆಗೆ ಚೆಲ್ಲಿದ ಕಾಫಿ,
ಈದ್ ಮರುದಿನದ ಮಾಂಸದ ಜಿಡ್ಡು,
ಮಕ್ಕಳ ಪೆನ್ನು.
ಕೊರಳ ಗೊಂಡೆಯಲ್ಲಿ ಅತ್ತರಿನ ಹಳದಿ ಇದ್ದರೆ
ಅದು ಕಲೆಯಲ್ಲ, ಬಿಡಬೇಕು.
ಯಾವುದಕ್ಕೆ ನಿಂಬೆ, ಯಾವುದಕ್ಕೆ ಬರೀ ತಣ್ಣೀರು,
ಬೆರಳಿಗೇ ಗೊತ್ತು.

ಮೊನ್ನೆ ಮಸ್ಕತ್ತಿನಲ್ಲಿ ನಮ್ಮವರ ಸಂಘ
ಶಾಲು ಹೊದಿಸಿತು.
ಮೇಲೆ ಬಂದ ಬಗೆಯ ಕುರಿತು ಎರಡು ಮಾತು, ಅಂದರು.
ಮೈಕಿನ ಮುಂದೆ ನಾಲಿಗೆಗೆ ಸಿಕ್ಕಿದ್ದು ಒಂದೇ:
ಪರಿಶ್ರಮ.
ಚಪ್ಪಾಳೆ.

ಹಿಂದಿರುಗುವ ಬಸ್ಸಿನಲ್ಲಿ ಶಾಲು ಮಡಚುತ್ತ
(ಇಸ್ತ್ರಿ ಸರಿಯಿರಲಿಲ್ಲ)
ನೆನಪಾದ ನಮ್ಮ ಶಫೀಕುಲ್.
ನನಗಿಂತ ಎರಡು ಗಂಟೆ ಮೊದಲು ಏಳುತ್ತಾನೆ,
ನನಗಿಂತ ಚೆಂದ ಮಡಚುತ್ತಾನೆ.
ಪರಿಶ್ರಮವೇ ಆಗಿದ್ದರೆ
ಇಷ್ಟರಲ್ಲಿ ಅವನು ಓಣಿಯನ್ನೇ ಕೊಳ್ಳಬೇಕಿತ್ತು.

ಹೆಂಡತಿಗೆ ಅನುಮಾನವೇ ಇಲ್ಲ.
ಅಂಕೋಲೆಯಿಂದ ಫೋನಿನಲ್ಲಿ ಲೆಕ್ಕ ಒಪ್ಪಿಸುತ್ತಾಳೆ:
ಇಷ್ಟು ಸೋಮವಾರ, ಇಷ್ಟು ತೆಂಗಿನಕಾಯಿ.
ಮುದುಕ ಹಮ್ದಾನನಿಗೂ ಅನುಮಾನವಿಲ್ಲ.
ಫ್ಲಾಸ್ಕಿನಿಂದ ಕಾವಾ ಬಗ್ಗಿಸುತ್ತ ಅನ್ನುತ್ತಾನೆ,
ನಿನ್ನ ಪಾಲಿನ ಅನ್ನ ನಿನ್ನನ್ನು ಹುಡುಕಿಕೊಂಡು ಬರುತ್ತದೆ, ಬರಮಯ್ಯಾ,
ವಿಳಾಸ ಬೇಡ ಅದಕ್ಕೆ.
ಸಾಕೆನಿಸಿದರೆ ಬಟ್ಟಲು ಅಲ್ಲಾಡಿಸಬೇಕು ಇಲ್ಲಿ,
ಇಲ್ಲವಾದರೆ ಬಗ್ಗಿಸುತ್ತಲೇ ಇರುತ್ತಾರೆ.
ನಾನು ಒಮ್ಮೊಮ್ಮೆ ಮರೆಯುತ್ತೇನೆ.

ಇಬ್ಬರಿಗೂ ಹೇಳದ್ದು ಇದು.

ಮುಂಬಯಿ, ಡೋಂಗ್ರಿ, ಏಜೆಂಟನ ಕೋಣೆ.
ಇದ್ದದ್ದು ಒಂದೇ ವೀಸಾ, ಹೊನ್ನಾವರದ ಇನಾಸನದು.
ನಾನು ಬರೀ ಕಾಯುವವನು.
ಏಜೆಂಟ ಅವನ ಎಕ್ಸ್‌ರೇ ಕಿಟಕಿಯ ಬೆಳಕಿಗೆ ಹಿಡಿದ.
ಬಲಗಡೆ, ಪಕ್ಕೆಲುಬಿನ ಸಂದಿಯಲ್ಲಿ,
ಕಡಲೆಬೇಳೆಯಷ್ಟು ಬಿಳಿ.
ಇವನು ಬೇಡ, ಅಂದ.
ನೀನು ಬಾ.

ಇನಾಸ ಏನೂ ಅನ್ನಲಿಲ್ಲ.
ಸಂಜೆ, ವಿಮಾನ ಹತ್ತಲೆಂದೇ ಹೊಲಿಸಿದ್ದ
ನೀಲಿ ಚೌಕುಳಿ ಅಂಗಿ ತಂದು ನನ್ನ ಚೀಲದ ಮೇಲಿಟ್ಟ.
ತೋಳು ಒಂದು ಬೆರಳು ಉದ್ದ.
ಮಡಚಿಕೋ, ಅಂದ.

ದೇವರು ನನಗೆ ಒಳ್ಳೆಯದು ಮಾಡಿದ ಎನ್ನಲು ಹೋದಾಗಲೆಲ್ಲ
ಆ ಬೇಳೆ ಗಂಟಲಿಗೆ ಅಡ್ಡ ಬರುತ್ತದೆ.
ಅಂಕೋಲೆಯ ನನ್ನ ತಾರಸಿ ಮನೆಗಾಗಿ
ಇನ್ನೊಬ್ಬನ ಎದೆಯೊಳಗೆ ಕಲೆ ಹಾಕಿದನೆ,
ಅಷ್ಟು ದೊಡ್ಡವನು, ಇಷ್ಟು ಸಣ್ಣ ಕೆಲಸಕ್ಕೆ?

ಹೋದ ವರ್ಷ ನಂಬರು ಸಿಕ್ಕಿತು.
ಬೇಕರಿ ಇಟ್ಟಿದ್ದಾನಂತೆ. ಹಿಂದೆ ತಟ್ಟೆಗಳ ಸದ್ದು.
ಮೂವತ್ತು ವರ್ಷ ಮಡಿಸಿಟ್ಟ ಮಾತನ್ನೆಲ್ಲ ಬಿಚ್ಚಿದೆ.
ಯಾವ ಕಲೆ? ಅಂದ. ಓ, ಅದಾ.
ಚಿಕ್ಕಂದಿನದಂತೆ ಮಾರಾಯಾ, ಎಂದೋ ಒಣಗಿದ್ದು.
ನನಗೆ ಏನೂ ಆಗಿರಲಿಲ್ಲ.

ತುಸು ತಡೆದು:
ಅಂಗಿ ಇದೆಯಾ?
ದರ್ಜಿಗೆ ಹನ್ನೊಂದು ರೂಪಾಯಿ ಬಾಕಿಯಿತ್ತು,
ನೀನು ಹೋದ ಮೇಲೆ ನಾನೇ ಕೊಟ್ಟೆ.
ನಕ್ಕ.
ಊರಿಗೆ ಬಂದಾಗ ಕೊಡು. ಕೈಯಲ್ಲೇ ಕೊಡಬೇಕು ಮತ್ತೆ.

ಗಿರಾಕಿಗಳ ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ
ಒಂದು ಡ್ರಾವರಿನಲ್ಲಿ ಇಡುತ್ತೇನೆ:
ಜಪಮಣಿ, ಖರ್ಜೂರದ ಬೀಜ,
ಯಾರದೋ ಮನೆಯ ಬೀಗದ ಕೈ.
ಕೇಳಿಕೊಂಡು ಬರುವವರೆಗೆ ಇರುತ್ತವೆ, ನನ್ನವಲ್ಲ.
ಈಗ ಅಲ್ಲೇ ಒಂದು ಹತ್ತರ ನೋಟು,
ಅದರ ಮೇಲೊಂದು ನಾಣ್ಯ.

ಅಂಗಿ ಇದೆ. ಬಣ್ಣ ಹೋಗಿದೆ.
ಸಾವಿರ ಸಾವಿರ ತೋಳಿಗೆ ಇಸ್ತ್ರಿ ಎಳೆದ ಕೈ
ಅದರ ಮಡಿಕೆಯನ್ನು ಮಾತ್ರ
ಇನ್ನೂ ಬಿಚ್ಚಿಲ್ಲ.